ಓಟಿಲ್ಲದಿದ್ದರೂ ಬಾಯಿ ಇದೆ

ನೆಲ್ಸನ್‌ನಲ್ಲಿ ರೇಟ್ಸ್, ಅಂದ್ರೆ ಮನೆ ಕಂದಾಯ, ಏರಿದರೆ ಬಾಡಿಗೆಯವರಿಗೇನು ಅಂತ ನಮ್ಮವರೇ ಕೇಳ್ತಾರೆ. ಕಟ್ಟೋನು ಮಾಲೀಕನೇ, ಬಾಡಿಗೆ ಏರಿಸಿದರೆ ಹೊರೆ ನಮ್ಮ ಮೇಲೇ.

2010ರಲ್ಲಿ ಜಿಎಸ್‌ಟಿಯನ್ನು ಶೇ. 12.5ರಿಂದ 15ಕ್ಕೆ ಏರಿಸಿದ್ದು ಸಂಸತ್ತು; ಜನಮತಗಣನೆ ನಡೆಯಲಿಲ್ಲ. ಆದರೆ ಸಿಟಿ ಕೌನ್ಸಿಲ್ ಮೂರು ವರ್ಷಕ್ಕೊಮ್ಮೆ ದೀರ್ಘಾವಧಿ ಯೋಜನೆ ಮಾಡುವಾಗ, 2002ರ ಸ್ಥಳೀಯಾಡಳಿತ ಕಾಯ್ದೆಯಂತೆ, ಜನರ ಅಭಿಪ್ರಾಯ ಕೇಳಲೇಬೇಕು.

ರೆಸಿಡೆಂಟ್ ವೀಸಾ ಇದ್ದು, ಈ ದೇಶದಲ್ಲಿ ಸತತ ಒಂದು ವರ್ಷ ವಾಸವಿದ್ದ ವಯಸ್ಕರು ಓಟು ಹಾಕಬಹುದು. ದಯವಿಟ್ಟು ಹೆಸರು ನೋಂದಾಯಿಸಿ. ವರ್ಕ್ ವೀಸಾದವರಿಗೆ ಓಟಿಲ್ಲ, ಆದರೂ ಲಿಖಿತ ಅಹವಾಲು ಕೊಡಬಹುದು. ಊರಿನ ಗ್ರಾಮಸಭೆಯಲ್ಲಿ ನೀರು, ರಸ್ತೆ ಅಂತ ಎದ್ದು ಕೇಳುತ್ತಿದ್ದವರು ನಾವು. ಇಂಗ್ಲಿಷ್ ಅಳುಕು ಬೇಡ. ನಾಲ್ಕು ಜನ ಕೂತು ಒಟ್ಟಿಗೆ ಬರೆಯೋಣ.