ಕಟ್ಟಿಸಿದವರು ಮತ್ತು ಕಟ್ಟಿದವರು



ಕೆಲವು ವರ್ಷಗಳ ಹಿಂದೆ ಸೋಮನಾಥಪುರದ ಕೇಶವ ದೇವಾಲಯದಲ್ಲಿ ನಮ್ಮ ತಂಡ ಚಿತ್ರೀಕರಣ ನಡೆಸಿತ್ತು. ಅದೇ ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಿಂದ ಶಾಲಾ ಮಕ್ಕಳ ಗುಂಪೊಂದು ಪ್ರವಾಸಕ್ಕೆ ಬಂದಿತ್ತು. ನಾನು ಬರೆದುಕೊಂಡಿದ್ದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡೆ: “ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 1268ರಲ್ಲಿ ಈ ದೇವಾಲಯವನ್ನು ಕಟ್ಟಿಸಿದನು.” ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ಕೇಳಿದ: “ಕಟ್ಟಿಸ್ದೋರ ಹೆಸ್ರು ಹೇಳಿದ್ರಿ ಸಾರ್, ಕಟ್ಟಿದೋರು ಯಾರು?”

ನನ್ನ ಬರಹದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆದರೆ ಗೋಡೆಯ ಮೇಲೆ ಇತ್ತು. ಅಲ್ಲಿನ ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ಕನ್ನಡ ಅಕ್ಷರಗಳಲ್ಲಿ ತಮ್ಮ ಸಹಿ ಕೆತ್ತಿದ್ದಾರೆ. ಮಲ್ಲಿತಮ್ಮ, ಮಸಣಿತಮ್ಮ, ಬಾಲೆಯ, ಚೌಡೆಯ, ನಂಜಯ – ಹೀಗೆ. ಹೆಚ್ಚು ಸಲ ಕಾಣುವ ಹೆಸರು ಮಲ್ಲಿತಮ್ಮನದು. ಕೆಲವು ಕಡೆ ‘ಮಲ್ಲಿ’ ಎಂದಷ್ಟೇ ಇದೆ. ಇನ್ನು ಕೆಲವು ಕಡೆ ಬರೀ ‘ಮ’.

ಇಂಥ ಶಿಲ್ಪಿಯನ್ನು ಆಗ ‘ರೂವಾರಿ’ ಎನ್ನುತ್ತಿದ್ದರು. ಇಂದು ಪತ್ರಿಕೆಗಳಲ್ಲಿ ‘ಯೋಜನೆಯ ರೂವಾರಿ’ ಎಂದು ಓದುತ್ತೀರಲ್ಲ, ಆ ಪದ ಬಂದದ್ದು ಈ ಉಳಿಯ ಕೈಯಿಂದಲೇ. ಇಂಗ್ಲಿಷಿನ ‘ಆರ್ಕಿಟೆಕ್ಟ್’ ಪದದ ಮೂಲ ಗ್ರೀಕಿನ ‘ಆರ್ಖಿತೆಕ್ತೋನ್’. ಹಾಗೆಂದರೆ ಕೆಲಸಗಾರರ ಮುಖ್ಯಸ್ಥ. ಅದರಲ್ಲಿರುವ ‘ತೆಕ್ತೋನ್’ ಪದವೂ ಬಡಗಿ ಎಂಬ ಅರ್ಥದ ಸಂಸ್ಕೃತದ ‘ತಕ್ಷ’ ಪದವೂ ಒಂದೇ ಬೇರಿನವು. ಎರಡು ನಾಡುಗಳಲ್ಲೂ ಕಟ್ಟಡದ ಹೊಣೆ ಹೊತ್ತವನು ಕೈಗೆಲಸದಿಂದ ದೂರ ಕುಳಿತವನಲ್ಲ ಎಂಬುದನ್ನು ಈ ಪದಗಳೇ ಹೇಳುತ್ತವೆ.

ಅವನ ಕಷ್ಟಗಳೇನು? ಮೊದಲನೆಯದು ಕಲ್ಲಿನದೇ. ಒಂದು ಸೀಮೆಸುಣ್ಣವನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿ, ಸುಲಭವಾಗಿ ಒಡೆಯದು. ಅದನ್ನೇ ಎರಡು ಪುಸ್ತಕಗಳ ನಡುವೆ ಅಡ್ಡಲಾಗಿಟ್ಟು ಮಧ್ಯದಲ್ಲಿ ಒತ್ತಿ, ಫಟ್ಟನೆ ಮುರಿಯುತ್ತದೆ. ತೊಲೆ ಬಾಗುವಾಗ ಅದರ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಕಲ್ಲು ಅದುಮುವಿಕೆಯನ್ನು ತಡೆದೀತು, ಎಳೆತವನ್ನು ತಡೆಯದು. ಆದ್ದರಿಂದಲೇ ಸೋಮನಾಥಪುರದ ಮಂಟಪದಲ್ಲೂ ಕ್ರಿ.ಪೂ. 447ರಲ್ಲಿ ಆರಂಭವಾದ ಅಥೆನ್ಸಿನ ಪಾರ್ಥೆನಾನ್ ದೇಗುಲದಲ್ಲೂ ಕಂಬಗಳು ಹತ್ತಿರ ಹತ್ತಿರ ನಿಂತಿವೆ. ಕಟ್ಟಿಸುವವರು ವಿಶಾಲವಾದ ಜಾಗ ಕೇಳಬಹುದು. ಕಲ್ಲು ಕೊಟ್ಟಷ್ಟನ್ನೇ ಅವನು ಕೊಡಬಲ್ಲ.

ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲನ್ನು. ಗಣಿಯಿಂದ ತೆಗೆದಾಗ ಅದು ಮೆದುವಾಗಿರುತ್ತದೆ. ಗಾಳಿ ಬಿಸಿಲಿಗೆ ಬಿದ್ದಂತೆ ಗಡುಸಾಗುತ್ತದೆ. ಒಡವೆಯ ಕುಸುರಿಯನ್ನು ಕೆತ್ತಲು ಸಾಧ್ಯವಾದದ್ದು ಈ ಗುಣದಿಂದ. ಆದರೆ ಮೆದು ಕಲ್ಲಿನಲ್ಲೂ ಉಳಿ ಒಂದು ಕೂದಲೆಳೆ ಜಾರಿದರೆ ಹೋದ ಚೂರನ್ನು ಮತ್ತೆ ಅಂಟಿಸುವಂತಿಲ್ಲ.

ಎರಡನೆಯ ಕಷ್ಟ ಅಳತೆಯದು. ಒಂದು ರಟ್ಟಿನ ಚೌಕ ಕತ್ತರಿಸಿ, ನಡುವೆ ಗುಂಡುಸೂಜಿ ಚುಚ್ಚಿ, ಅಂಚಿನ ಸುತ್ತ ಗೆರೆ ಎಳೆಯಿರಿ. ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಿ ಮತ್ತೆ ಎಳೆಯಿರಿ. ಹೀಗೆ ಒಟ್ಟು ನಾಲ್ಕು ಚೌಕಗಳಾದಾಗ 16 ಮೂಲೆಗಳ ನಕ್ಷತ್ರ ಸಿಗುತ್ತದೆ. ಕೇಶವ, ಜನಾರ್ದನ, ವೇಣುಗೋಪಾಲರ ಮೂರು ಗರ್ಭಗುಡಿಗಳ ಹೊರ ಆಕಾರ ಇದೇ. ಕಾಗದದ ಮೇಲೆ ಇದು ಐದು ನಿಮಿಷದ ಆಟ. ಕಲ್ಲಿನಲ್ಲಿ ಪ್ರತಿ ಮೂಲೆಯೂ ಬುಡದಿಂದ ಶಿಖರದವರೆಗೆ, ಸಾಲಿನ ಮೇಲೆ ಸಾಲು, ಒಂದೇ ಗೆರೆಯಲ್ಲಿ ಏರಬೇಕು. ಹಲವು ಕೈಗಳು ಕೆತ್ತಿದ ಕಲ್ಲುಗಳು ಒಂದಕ್ಕೊಂದು ಕೂಡಬೇಕು. ಒಬ್ಬನ ಅಳತೆ ತಪ್ಪಿದರೆ ಅದು ಎಲ್ಲರ ತಪ್ಪಾಗುತ್ತದೆ.

ಮೂರನೆಯದು ಹಣದ ಲೆಕ್ಕ. ಗ್ರೀಕರು ಇದರಲ್ಲಿ ಬಹಳ ಬಿಗಿ. ಅಥೆನ್ಸಿನ ಎರೆಕ್ಥಿಯನ್ ದೇಗುಲದ ಕ್ರಿ.ಪೂ. 409–407ರ ಖರ್ಚುವೆಚ್ಚವನ್ನು ಜನರು ಓದಲೆಂದು ಕಲ್ಲಿನ ಮೇಲೆಯೇ ಕೊರೆಸಿದ್ದರು. ಅದರ ಪ್ರಕಾರ ಆರ್ಕಿಟೆಕ್ಟನಿಗೆ ದಿನಕ್ಕೆ ಒಂದು ದ್ರಾಖ್ಮಾ ಸಂಬಳ. ಅಲ್ಲೇ ದುಡಿಯುತ್ತಿದ್ದ ನುರಿತ ಕಲ್ಲುಕೆಲಸದವನಿಗೂ ಹೆಚ್ಚುಕಡಿಮೆ ಅಷ್ಟೇ! ಹೊಣೆ ದೊಡ್ಡದು, ಕೂಲಿ ಸಮ. ಎಫೆಸಸ್ ಎಂಬ ಗ್ರೀಕ್ ನಗರದ ಕಾನೂನು ಇನ್ನೂ ಕಠಿಣವಾಗಿತ್ತೆಂದು ರೋಮಿನ ಲೇಖಕ ವಿಟ್ರೂವಿಯಸ್ ಬರೆದಿದ್ದಾನೆ. ಆರ್ಕಿಟೆಕ್ಟನು ಖರ್ಚಿನ ಅಂದಾಜನ್ನು ಮೊದಲೇ ಕೊಡಬೇಕು. ಕೆಲಸ ಮುಗಿಯುವವರೆಗೆ ಅವನ ಆಸ್ತಿ ಒತ್ತೆಯಲ್ಲಿರುತ್ತದೆ. ಅಂದಾಜಿನೊಳಗೆ ಮುಗಿಸಿದರೆ ಸನ್ಮಾನ. ಕಾಲು ಭಾಗದವರೆಗೆ ಹೆಚ್ಚಾದರೆ ಊರಿನ ಬೊಕ್ಕಸ ಭರಿಸುತ್ತದೆ. ಅದಕ್ಕೂ ಮೀರಿದರೆ ಉಳಿದದ್ದನ್ನು ಅವನ ಆಸ್ತಿಯಿಂದಲೇ ವಸೂಲು ಮಾಡುತ್ತಾರೆ.

ನಮ್ಮ ನಾಡಿನಲ್ಲಿ ಕಲ್ಲಿನ ಮೇಲೆ ಉಳಿದದ್ದು ಕೂಲಿಯ ಲೆಕ್ಕವಲ್ಲ, ಕೆಲಸದವನ ಸಹಿ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೋಗಿ ನೋಡಿ. ಅಲ್ಲೂ ಮಲ್ಲಿತಮ್ಮನ ಹೆಸರಿದೆ, ಜೊತೆಗೆ ಬೈಚೋಜನದೂ ಇದೆ. ಇಬ್ಬರ ಕೆಲಸವೂ ಒಂದೇ ಗುಡಿಯ ಗೋಡೆಯ ಮೇಲಿದೆ. ನೋಡುವವನು ಹೋಲಿಸದೆ ಬಿಡುತ್ತಾನೆಯೇ? ಸಹಿ ಹಾಕಿದವನು ಹೊಗಳಿಕೆಗೂ ಸಿಗುತ್ತಾನೆ, ದೂರಿಗೂ ಸಿಗುತ್ತಾನೆ. ಅದು ತಿಳಿದೂ ಅವರು ಹೆಸರು ಕೆತ್ತಿದರು. ನನ್ನ ಮಟ್ಟಿಗೆ ಆ ‘ಮ’ ಎಂಬ ಒಂದಕ್ಷರ ಹೆಮ್ಮೆಗಿಂತ ಹೆಚ್ಚಾಗಿ ಜವಾಬ್ದಾರಿಯ ಗುರುತು.

ಬೇಲೂರು, ಹಳೇಬೀಡುಗಳ ಜೊತೆಗೆ ಸೋಮನಾಥಪುರವೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಟ್ಟಿಸಿದ ದಂಡನಾಯಕನಿಗೆ ಅದರ ಗೌರವದಲ್ಲಿ ಪಾಲಿದೆ. ಅವನು ಹಣ, ಜಾಗ, ರಾಜನ ಒಪ್ಪಿಗೆಯನ್ನು ಒದಗಿಸದಿದ್ದರೆ ಗುಡಿ ಏಳುತ್ತಿರಲಿಲ್ಲ. ಆದರೆ ಉಳಿ ಹಿಡಿದವರ ಪಾಲನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ.

ಅಂದು ಚಿತ್ರೀಕರಣದಲ್ಲಿ ನನ್ನ ವಾಕ್ಯವನ್ನು ತಿದ್ದಿಕೊಂಡೆ: “ಸೋಮನಾಥನು ಕಟ್ಟಿಸಿದನು, ಮಲ್ಲಿತಮ್ಮ ಮತ್ತು ಅವನ ಸಂಗಡಿಗರು ಕಟ್ಟಿದರು.” ನಮ್ಮ ಕಾರ್ಯಕ್ರಮದ ಕೊನೆಯಲ್ಲಿ ದೀಪ ಹಿಡಿದವರ, ಧ್ವನಿ ಮುದ್ರಿಸಿದವರ ಹೆಸರುಗಳು ಪರದೆಯ ಮೇಲೆ ಬರುತ್ತವೆ. ನೀವು ಆ ಹೊತ್ತಿಗೆ ಟಿ.ವಿ. ಆರಿಸಿ ಎದ್ದುಬಿಡುತ್ತೀರಿ ಎಂಬುದು ನನಗೆ ಗೊತ್ತು! ಇನ್ನು ಮುಂದೆ ಒಂದು ನಿಮಿಷ ಕುಳಿತು ಓದಿ. ಮುಂದಿನ ಸಲ ಯಾವುದೇ ಹಳೆಯ ಗುಡಿಗೆ ಹೋದಾಗ ವಿಗ್ರಹದ ಮುಖ ನೋಡಿದ ಮೇಲೆ ಬಗ್ಗಿ ಪೀಠವನ್ನೂ ನೋಡಿ. ಅಲ್ಲಿ ಒಂದು ಹೆಸರಿರಬಹುದು.