ಸಂತರ ದಿನಗಳು

ಐರ್ಲೆಂಡಿನವರು ಮಾರ್ಚ್ 17ರಂದು ತಮ್ಮ ನಾಡಸಂತನಾದ ಪ್ಯಾಟ್ರಿಕ್ಕನ ಹಬ್ಬವನ್ನು ಮಾಡುವರು. ಅದು ಆತನು ಹುಟ್ಟಿದ ದಿನವಲ್ಲ. ತೀರಿಕೊಂಡನೆಂದು ನಂಬಿದ ದಿನ. ಆತನು ಐರ್ಲೆಂಡಿನವನೂ ಅಲ್ಲ! ಬ್ರಿಟನ್ನಿನಿಂದ ಸೆರೆಯಾಳಾಗಿ ಹೋದವನು.

ದೂರದ ಮಾತೇಕೆ? ನಮ್ಮ ಕಲಬುರಗಿಯನ್ನೇ ನೋಡಿರಿ. ಖಾಜಾ ಬಂದೇ ನವಾಜರು ತೈಮೂರನ ದಾಳಿಯ ಕಾಲಕ್ಕೆ, 1398ರಲ್ಲಿ, ಇಳಿವಯಸ್ಸಿನಲ್ಲಿ ದೆಹಲಿಯನ್ನು ಬಿಟ್ಟು ಹೊರಟವರು. ದಾಸೋಹದಿಂದ ಹೆಸರಾದ ಶರಣಬಸವೇಶ್ವರರು ಅರಳಗುಂಡಗಿಯಿಂದ ಬಂದವರು. ಖಾಜಾರವರು 1422ರಲ್ಲಿಯೂ, ಶರಣರು ಸರಿಯಾಗಿ ನಾಲ್ಕು ನೂರು ವರ್ಷಗಳ ತರುವಾಯ 1822ರಲ್ಲಿಯೂ ದೇಹವನ್ನಿಳುಹಿದರು. ಉರುಸೂ ಜಾತ್ರೆಯೂ ಆ ಅಗಲಿಕೆಯ ಸ್ಮರಣೆಗಳೇ. ಅಂದು ಅಳಬೇಕಾದ ಊರು ದೀಪ ಹಚ್ಚುವುದೇಕೆ, ತೇರನ್ನೆಳೆಯುವುದೇಕೆ? ಉರುಸೆಂಬ ಅರಬ್ಬೀ ಪದಕ್ಕೆ ಮದುವೆಯೆಂದರ್ಥ; ಶರಣರ ಪರಿಭಾಷೆಯಲ್ಲಿ ಮರಣವು ಲಿಂಗೈಕ್ಯ. ಎರಡು ಮಾತಿಗೂ ಕೂಡುವುದೇ ತಿರುಳು. ಶಾಸ್ತ್ರಜ್ಞರು ಈ ಹೋಲಿಕೆಯನ್ನು ಒಪ್ಪುವರೋ ಇಲ್ಲವೋ, ನಾನರಿಯೆ.

ನನ್ನ ಅಜ್ಜಿ ಕಮಲಾಪುರದವಳು. ಹೋಳಿಯ ಬಳಿಕ ಐದನೆಯ ದಿನದ ತೇರಿಗೂ, ವರ್ಷವರ್ಷವೂ ಹಿಂದೆ ಸರಿಯುವ ಉರುಸಿಗೂ ತೋಟದ ಕೆಂಪು ಬಾಳೆಯ ಚಿಪ್ಪೊಂದನ್ನು ತಪ್ಪದೆ ಹೊತ್ತು ತರುವಳು. ಬಿ.ಎ. ತರಗತಿಯ ಗರ್ವದಲ್ಲಿದ್ದ ನಾನು ಒಮ್ಮೆ, “ಇಬ್ಬರೂ ಹೊರಗಿನಿಂದ ಬಂದವರು, ಇವರಲ್ಲಿ ನಿನ್ನ ದೇವರು ಯಾರು?” ಎಂದು ಕೆಣಕಿದೆನು.

“ದೇವರಲ್ಲೋ ತಮ್ಮಾ, ಮನಿ ಹಿರ್ಯಾರು. ಹಿರ್ಯಾರ ದಿನಕ್ಕ ಬರಿಗೈಲೆ ಹೋಗಬಾರ್ದು” ಎಂದಳು.

ನಾನು ಬರಿಗೈಯಲ್ಲಿಯೇ ಹೊರಟಿದ್ದೆನು. ಚಿಪ್ಪಿನಿಂದ ಎರಡು ಹಣ್ಣುಗಳನ್ನು ಮುರಿದು ನನ್ನ ಕೈಗಿತ್ತಳು.