ಕ್ರೀಡಾಂಗಣ ಮತ್ತು ರಾಜಕಾರಣ



ಕ್ರೀಡೆ ಬೇರೆ, ರಾಜಕಾರಣ ಬೇರೆ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಮಾತೇನೋ ಹಿತವಾದದ್ದೇ. ಆದರೆ ಪಂಪಭಾರತವನ್ನು ಓದಿದವರು ಅದನ್ನು ಸುಲಭವಾಗಿ ಒಪ್ಪಲಾರರು. ಕುರುಕುಮಾರರ ಶಸ್ತ್ರವಿದ್ಯಾ ಪ್ರದರ್ಶನದ ರಂಗದಲ್ಲಿ ಕರ್ಣನು ಅರ್ಜುನನಿಗೆ ಎದುರಾದಾಗ ಎದ್ದ ಪ್ರಶ್ನೆ ಅವನ ಬಿಲ್ಲಿನದಲ್ಲ, ಕುಲದ್ದು. ದುರ್ಯೋಧನನು ಅವನಿಗೆ ಅಂಗರಾಜ್ಯವನ್ನು ಕೊಟ್ಟದ್ದೂ ನೆರೆದವರ ಕಣ್ಣೆದುರಿನಲ್ಲೇ. ಸಾವಿರ ಕಣ್ಣುಗಳು ನೆಟ್ಟಿರುವ ಎಡೆಯನ್ನು ಅಧಿಕಾರವು ಬರಿದೆ ಬಿಡುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ರೇಡಿಯೋ, ಚಲನಚಿತ್ರ, ಟೆಲಿವಿಷನ್‌ಗಳು ಆ ಸಾವಿರವನ್ನು ಕೋಟಿಯಾಗಿಸಿದುವು. ಇದರ ಬೆಲೆಯನ್ನು ಚೆನ್ನಾಗಿ ಅರಿತಿದ್ದ ಹಿಟ್ಲರನ ಸರ್ಕಾರವು 1936ರ ಬರ್ಲಿನ್ ಒಲಿಂಪಿಕ್ಸನ್ನು ಒಂದು ಮಹಾನಾಟಕದಂತೆ ಸಜ್ಜುಗೊಳಿಸಿತು. ಒಲಿಂಪಿಯಾದಿಂದ ಪಂಜನ್ನು ಕೈಯಿಂದ ಕೈಗೆ ದಾಟಿಸಿ ತರುವ ಓಟವು ಪ್ರಾಚೀನ ಒಲಿಂಪಿಕ್ಸಿನ ಸಂಪ್ರದಾಯವೆಂದು ಹಲವರ ನಂಬಿಕೆ. ಅದು ಬರ್ಲಿನ್ ಕೂಟಕ್ಕಾಗಿಯೇ ಕಲ್ಪಿಸಿದ್ದು. ಯೆಹೂದ್ಯದ್ವೇಷದ ಫಲಕಗಳನ್ನು ಆ ದಿನಗಳ ಮಟ್ಟಿಗೆ ಬೀದಿಗಳಿಂದ ತೆಗೆಸಿದರು. ನಗರದ ರೋಮಾ ಜನರನ್ನು ಹಿಡಿದು ಅಂಚಿನ ಮಾರ್ಜಾನ್ ಶಿಬಿರಕ್ಕೆ ಸಾಗಿಸಿದರು. ಅತಿಥಿಗಳು ಕಂಡದ್ದು ತೊಳೆದಿಟ್ಟ ನಗರವನ್ನು.

ಆದರೆ ರಂಗವನ್ನು ಕಟ್ಟಿದವನಿಗೆ ಅಲ್ಲಿ ನಡೆಯುವುದೆಲ್ಲವೂ ವಶವಾಗದು. ಅಮೆರಿಕದ ಕಪ್ಪು ಕ್ರೀಡಾಪಟು ಜೆಸ್ಸಿ ಓವೆನ್ಸ್ 4 ಚಿನ್ನದ ಪದಕಗಳನ್ನು ಗೆದ್ದರು. ನಾಜಿ ಸರ್ಕಾರದ ಹಣದಿಂದ ಲೆನಿ ರೀಫೆನ್‌ಸ್ಟಾಲ್ ತೆಗೆದ ‘ಒಲಿಂಪಿಯಾ’ ಚಿತ್ರದಲ್ಲೇ ಆ ಗೆಲುವು ಉಳಿದುಬಂದಿದೆ. ಧ್ಯಾನ್‌ಚಂದರ ನಾಯಕತ್ವದ ನಮ್ಮ ಹಾಕಿ ತಂಡವು ಬ್ರಿಟಿಷ್ ಭಾರತದ ಹೆಸರಿನಲ್ಲಿ ಆಡಿ, ಆಗಸ್ಟ್ 15ರಂದು ಜರ್ಮನಿಯನ್ನು 8-1ರಿಂದ ಸೋಲಿಸಿತು. ಪಂದ್ಯಕ್ಕೆ ಮುನ್ನ ಆಟಗಾರರು ಉಡುಪಿನ ಕೋಣೆಯೊಳಗೆ ತ್ರಿವರ್ಣ ಧ್ವಜಕ್ಕೆ ವಂದಿಸಿದ್ದರು. ಆ ವಂದನೆ ಲೋಕದ ಕಣ್ಣಿಗೆ ಬೀಳಲಿಲ್ಲ.

ಲೋಕದ ಕಣ್ಣಿಗೆ ಬಿದ್ದ ವಂದನೆಯೂ ಒಂದುಂಟು. 1968ರಲ್ಲಿ ಮೆಕ್ಸಿಕೋ ನಗರದ ಕೂಟಕ್ಕೆ 10 ದಿನಗಳಿರುವಾಗ ಟ್ಲಾಟೆಲೋಲ್ಕೋ ಚೌಕದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು, ಕೂಟ ನಿಲ್ಲಲಿಲ್ಲ. ಅಲ್ಲಿ 200 ಮೀಟರ್ ಓಟದ ಪದಕಪ್ರದಾನದ ವೇಳೆ ಅಮೆರಿಕದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ತಮ್ಮ ನಾಡಿನ ಕಪ್ಪು ಜನರ ಪರವಾಗಿ, ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನೆತ್ತಿ ತಲೆಬಾಗಿ ನಿಂತರು. ಬೆಳ್ಳಿಯ ಪದಕ ಗೆದ್ದ ಆಸ್ಟ್ರೇಲಿಯಾದ ಬಿಳಿಯ ಓಟಗಾರ ಪೀಟರ್ ನಾರ್ಮನ್ ಅವರಂತೆಯೇ ಮಾನವ ಹಕ್ಕುಗಳ ಬಿಲ್ಲೆಯನ್ನು ಎದೆಗೆ ಧರಿಸಿದ್ದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜರ ಪಾಲಿಗೆ ಇದು ಸಲ್ಲದ ರಾಜಕಾರಣ. ಸ್ಮಿತ್, ಕಾರ್ಲೋಸ್ ಇಬ್ಬರನ್ನೂ ಕೂಟದಿಂದ ಹೊರಕಳುಹಿಸಲಾಯಿತು. ಇದೇ ಬ್ರಂಡೇಜರು 1936ರಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿಯ ಅಧ್ಯಕ್ಷರು. ಬರ್ಲಿನ್ನಿನಲ್ಲಿ ನಾಜಿ ವಂದನೆಗಾಗಿ ಕೈಗಳು ಮೇಲೆದ್ದಾಗ ಅವರು ಆಕ್ಷೇಪಿಸಿರಲಿಲ್ಲ. ಪ್ರಭುತ್ವವು ಕೈ ಎತ್ತಿಸಿದರೆ ಅದು ಶಿಷ್ಟಾಚಾರ, ಪ್ರಜೆ ತಾನಾಗಿ ಕೈ ಎತ್ತಿದರೆ ಅದು ರಾಜಕಾರಣ! ಕ್ರೀಡೆ ಬೇರೆ, ರಾಜಕಾರಣ ಬೇರೆ ಎಂಬ ಮಾತಿನ ಮರ್ಮ ಬಹುಮಟ್ಟಿಗೆ ಇಷ್ಟೇ.

ಆಟವನ್ನು ನಾವು ಮನದಣಿಯೆ ನೋಡೋಣ. ಓವೆನ್ಸರ ಓಟವಾಗಲಿ ಧ್ಯಾನ್‌ಚಂದರ ಕೈಚಳಕವಾಗಲಿ ಯಾವ ಸರ್ಕಾರದ ಸೊತ್ತೂ ಅಲ್ಲ. ಆದರೆ ಈ ರಂಗವನ್ನು ಕಟ್ಟಿದವರು ಯಾರು, ಕ್ಯಾಮೆರಾದ ಚೌಕಟ್ಟಿನಾಚೆ ಉಳಿದವರು ಯಾರು ಎಂಬುದನ್ನೂ ಕೇಳೋಣ. ಮಾರ್ಜಾನ್ ಇದ್ದದ್ದು ಆ ಚೌಕಟ್ಟಿನ ಆಚೆಗೇ.